ಲಕ್ಷದ್ವೀಪದ ಗಾಳಿ, ಕಡಲು ಮತ್ತು ಚರಿತ್ರೆ



ನಾವು ದಿನವೂ ಬಳಸುವ 'ಹವಾಮಾನ' ಎಂಬ ಮಾತನ್ನು ಒಮ್ಮೆ ಬಿಡಿಸಿ ನೋಡಿ. 'ಹವಾ' ಅರಬಿಯಿಂದ ಬಂದ ಪದ, 'ಮಾನ' ಸಂಸ್ಕೃತದ್ದು. ಎರಡೂ ಸೇರಿ ಕನ್ನಡದ ಮಾತಾಗಿದೆ. ಪತ್ರಿಕೆಗಳು 'ಮಾನ್ಸೂನ್' ಎಂದು ಬರೆಯುವ ಪದದ ಬೇರು ಅರಬಿಯ 'ಮೌಸಿಮ್'. ಉರ್ದು ತರಗತಿಯ ಮಕ್ಕಳು ಅದನ್ನೇ 'ಮೌಸಮ್' ಎಂದು ಓದುತ್ತಾರೆ. ಹಿಂದಿನ ಕಾಲದ ಅರಬಿ ನಾವಿಕರಿಗೆ ಆ ಪದದ ಅರ್ಥ ಮಳೆ ಎಂದಾಗಿರಲಿಲ್ಲ. ವರ್ಷದಲ್ಲಿ ನಿಗದಿಯಾಗಿ ಬರುವ ಕಾಲ, ಅಂದರೆ ಹಡಗು ಬಿಡಲು ತಕ್ಕ ಗಾಳಿಯ ಕಾಲ ಎಂದಾಗಿತ್ತು. ತೂಫಾನು, ಬಂದರು, ಜಹಜು, ಲಂಗರು, ಖಲಾಸಿ - ಇವೆಲ್ಲ ಅರಬಿ, ಪಾರಸಿಗಳಿಂದ ಬಂದು ಕನ್ನಡದಲ್ಲಿ ನೆಲೆಸಿದ ಮಾತುಗಳು. ಉರ್ದು, ಕನ್ನಡ ಎರಡನ್ನೂ ಪಾಠ ಮಾಡುವ ನನಗೆ ಈ ಪದಗಳು ಒಂದು ಚರಿತ್ರೆಯನ್ನೇ ಹೇಳುವಂತೆ ಕಾಣುತ್ತವೆ. ಗಾಳಿಯನ್ನು ಅರಿತು ಕಡಲು ದಾಟಿದ ಜನರ ಚರಿತ್ರೆ ಅದು.

ಆ ಚರಿತ್ರೆಯನ್ನು ತಿಳಿಯಲು ನಾವು ದೂರದ ಅರಬ್ ದೇಶಗಳಿಗೆ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯ ಎದುರಿಗೇ, ಅರಬ್ಬೀ ಸಮುದ್ರದ ನಡುವೆ ಲಕ್ಷದ್ವೀಪವಿದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟು: ಆ ಪುಟ್ಟ ದ್ವೀಪಗಳಲ್ಲಿ ಹವೆ ಮತ್ತು ಕಡಲಿನ ಅರಿವು ಒಂದು ವಿದ್ಯೆಯಾಗಿತ್ತು. ಬಲ್ಲವರು ಅದನ್ನು ಎಳೆಯರಿಗೆ ಕಲಿಸುತ್ತಿದ್ದರು. ಕಲಿತವರು ದಡ ಸೇರಿದರು, ಕಲಿಯದವರು ಭಾರಿ ಬೆಲೆ ತೆತ್ತರು. ಇಂದು ಕಡಲೇ ಬದಲಾಗುತ್ತಿರುವಾಗ ಆ ದ್ವೀಪಗಳಿಗೂ ನಮ್ಮ ಕರಾವಳಿಗೂ ಅಂಥ ವಿದ್ಯೆ ಹಿಂದಿಗಿಂತ ಹೆಚ್ಚಾಗಿ ಬೇಕಾಗಿದೆ.

ಅಂಗೈಯಗಲದ ನೆಲ

ಲಕ್ಷದ್ವೀಪದ ಎಲ್ಲ ದ್ವೀಪಗಳ ನೆಲವನ್ನು ಕೂಡಿಸಿದರೂ 32 ಚದರ ಕಿಲೋಮೀಟರ್ ಮಾತ್ರ. ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ: ಅಗತ್ತಿ, ಅಮಿನಿ, ಆಂಡ್ರೋತ್, ಬಿತ್ರಾ, ಚೆತ್ಲಾತ್, ಕಡಮತ್, ಕಲ್ಪೇನಿ, ಕವರತ್ತಿ, ಕಿಲ್ತಾನ್ ಮತ್ತು ಮಿನಿಕಾಯ್. 2011ರ ಜನಗಣತಿಯಂತೆ ಅಲ್ಲಿದ್ದವರು 64 ಸಾವಿರಕ್ಕೂ ಸ್ವಲ್ಪ ಹೆಚ್ಚು ಮಂದಿ. ಅವರಲ್ಲಿ ಬಹುಪಾಲು ಜನ ಮುಸ್ಲಿಮರು.

ಈ ದ್ವೀಪಗಳನ್ನು ಕಟ್ಟಿದ್ದು ಹವಳದ ಹುಳು. ಸಮುದ್ರದಡಿಯ ಬೆಟ್ಟಗಳ ನೆತ್ತಿಯಲ್ಲಿ ಹವಳ ಬೆಳೆದು, ಒಡೆದು, ಮರಳಾಗಿ, ಆ ಮರಳು ಒಂದೆಡೆ ನಿಂತು ನೆಲವಾಗಿದೆ. ಬಹುತೇಕ ದ್ವೀಪಗಳಲ್ಲಿ ಪಶ್ಚಿಮಕ್ಕೆ ಹವಳದ ಒಡ್ಡು, ಅದರೊಳಗೆ ತಿಳಿನೀರಿನ ಲಗೂನು, ಪೂರ್ವದ ಅಂಚಿನಲ್ಲಿ ಉದ್ದನೆಯ ನೆಲ. ಸಮುದ್ರದ ಮಟ್ಟದಿಂದ ಆ ನೆಲದ ಎತ್ತರ ಕೆಲವೇ ಮೀಟರು. ಅಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ. ಕುಡಿಯುವ ನೀರೂ ಮಳೆಯ ಕೊಡುಗೆಯೇ. ಮರಳಿನಲ್ಲಿ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳ್ಳನೆಯ ಪದರವಾಗಿ ತೇಲುತ್ತಿರುತ್ತದೆ. ಬಾವಿ ತೋಡಿದವರು ಆ ಪದರದಿಂದ ಸೇದುತ್ತಾರೆ. ಹೆಚ್ಚು ಸೇದಿದರೆ ಕೆಳಗಿನ ಉಪ್ಪುನೀರು ಮೇಲೇರುತ್ತದೆ.

ಈಗ ಯೋಚಿಸಿ. ಇಂಥ ನೆಲದಲ್ಲಿ ಭತ್ತದ ಗದ್ದೆ ಇಲ್ಲ. ಅಕ್ಕಿ, ಬಟ್ಟೆ, ಕಬ್ಬಿಣ ಎಲ್ಲವೂ ಕಡಲು ದಾಟಿ ಬರಬೇಕು. ಕಡಲು ದಾಟುವುದು ಯಾವಾಗ ಎಂಬುದು ಅಲ್ಲಿಯವರಿಗೆ ಅನ್ನದ ಪ್ರಶ್ನೆಯಾಗಿತ್ತು.

ವರ್ಷಕ್ಕೆ ಎರಡು ಗಾಳಿ

ಆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದುದು ಗಾಳಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಭಾರತದ ನೆಲ ಕಾದು ಅಲ್ಲಿ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಭೂಮಧ್ಯರೇಖೆಯ ದಕ್ಷಿಣದ ಕಡಲಿನಿಂದ ಹೊರಟ ಗಾಳಿ ರೇಖೆಯನ್ನು ದಾಟಿ, ಭೂಮಿಯ ತಿರುಗಾಟದಿಂದ ಬಲಕ್ಕೆ ಬಾಗಿ, ಸೋಮಾಲಿಯಾದ ತೀರವನ್ನು ಬಳಸಿ ನೈರುತ್ಯದಿಂದ ನಮ್ಮತ್ತ ನುಗ್ಗುತ್ತದೆ. ಇದೇ ಮುಂಗಾರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದರ ಆಳ್ವಿಕೆ. ಚಳಿಗಾಲದಲ್ಲಿ ನೆಲ ತಣಿದು ಗಾಳಿ ದಿಕ್ಕು ಬದಲಿಸುತ್ತದೆ. ಆಗ ಈಶಾನ್ಯದಿಂದ ಸೌಮ್ಯವಾದ ಒಣ ಗಾಳಿ ಬೀಸುತ್ತದೆ, ಕಡಲು ಶಾಂತವಾಗುತ್ತದೆ. ಗಾಳಿಯ ಜೊತೆಗೆ ಸಮುದ್ರದ ಪ್ರವಾಹವೂ ದಿಕ್ಕು ತಿರುಗಿಸುತ್ತದೆ. ಮುಂಗಾರಿನಲ್ಲಿ ಪೂರ್ವಕ್ಕೆ ಹರಿಯುವ ನೀರು ಚಳಿಗಾಲದಲ್ಲಿ ಪಶ್ಚಿಮಕ್ಕೆ ಹರಿಯುತ್ತದೆ.

ವಿದ್ಯಾರ್ಥಿಗಳು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಮುಂಗಾರಿನ ಗಾಳಿ ಮೊದಲು ಮುಟ್ಟುವುದು ದ್ವೀಪಗಳನ್ನು, ಆಮೇಲೆ ನಮ್ಮನ್ನು. ಆದರೂ ಲಕ್ಷದ್ವೀಪದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,600 ಮಿಲಿಮೀಟರ್. ಮಂಗಳೂರಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು, ಆಗುಂಬೆಯಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು. ಕಾರಣ ಸರಳ. ತೇವ ತುಂಬಿದ ಗಾಳಿಯನ್ನು ತಡೆದು ಮೇಲಕ್ಕೆ ಏರಿಸುವ ಪಶ್ಚಿಮ ಘಟ್ಟ ನಮಗಿದೆ. ಮೇಲೇರಿದ ಗಾಳಿ ತಣಿದು ಮಳೆ ಸುರಿಸುತ್ತದೆ. ತಟ್ಟೆಯಂತೆ ಸಮತಟ್ಟಾದ ದ್ವೀಪಗಳ ಮೇಲೆ ಎಷ್ಟೋ ಮೋಡಗಳು ಸುರಿಯದೆ ದಾಟಿಹೋಗುತ್ತವೆ. ದ್ವೀಪದವರಿಗೆ ಗಾಳಿಯ ಪೆಟ್ಟು ಪೂರ್ತಿ, ಮಳೆಯ ಪಾಲು ಕಡಿಮೆ.

ಇಂದಿಗೂ ಮುಂಗಾರು ಕೇರಳಕ್ಕೆ ಬಂತೆಂದು ಸಾರುವ ಮೊದಲು ಭಾರತೀಯ ಹವಾಮಾನ ಇಲಾಖೆ 14 ಕೇಂದ್ರಗಳ ಮಳೆಯನ್ನು ನೋಡುತ್ತದೆ. ಮೇ 10ರ ನಂತರ ಆ ಕೇಂದ್ರಗಳಲ್ಲಿ ಶೇಕಡಾ 60ರಷ್ಟು ಕಡೆ ಸತತ ಎರಡು ದಿನ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆಯಾಗಬೇಕು. ಗಾಳಿಯ ಬಲ ಮತ್ತು ಮೋಡದ ಲೆಕ್ಕವೂ ಹೊಂದಬೇಕು. ಆ 14ರ ಪಟ್ಟಿಯಲ್ಲಿ ಕೇರಳದ ಊರುಗಳ ಜೊತೆ ಮಿನಿಕಾಯ್ ಇದೆ, ಅಮಿನಿ ಇದೆ, ಕೊನೆಯಲ್ಲಿ ನಮ್ಮ ಮಂಗಳೂರೂ ಇದೆ. ಒಂದೇ ಗಾಳಿಯನ್ನು ಕಾಯುವ ಊರುಗಳು ಇವು.

ಕಡಲು ಮುಚ್ಚುವ ಕಾಲ ಮತ್ತು ಮಂಗಳೂರಿನ ನಂಟು

ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಹಾಯಿ ಹಡಗುಗಳ ಪಾಲಿಗೆ ಕಡಲು ಮುಚ್ಚುತ್ತಿತ್ತು. ಪಶ್ಚಿಮದ ಒಡ್ಡಿನ ಮೇಲೆ ತೆರೆಗಳು ಹಗಲಿರುಳು ಅಪ್ಪಳಿಸುತ್ತವೆ. ಒಡ್ಡಿನಲ್ಲಿರುವ ಕಿರಿದಾದ ಬಾಯಿಯ ಮೂಲಕವೇ ದೋಣಿ ಒಳಗೆ ಬರಬೇಕು. ಮುಂಗಾರಿನ ಅಲೆಯಲ್ಲಿ ಆ ಬಾಯಿ ತಪ್ಪಿದರೆ ಹವಳದ ಕಲ್ಲಿಗೆ ಬಡಿದು ದೋಣಿ ಪುಡಿಯಾಗುತ್ತದೆ. ಆದ್ದರಿಂದ ಮಳೆಗೆ ಮುಂಚೆ ಓಡಂಗಳನ್ನು, ಅಂದರೆ ದ್ವೀಪದ ದೊಡ್ಡ ಹಾಯಿ ದೋಣಿಗಳನ್ನು ದಡಕ್ಕೆ ಎಳೆದು ಕಟ್ಟುತ್ತಿದ್ದರು. ಮನೆಯಲ್ಲಿ ಕೂಡಿಟ್ಟ ಅಕ್ಕಿಯೇ ನಾಲ್ಕು ತಿಂಗಳಿನ ಆಧಾರ. ಅಕ್ಕಿ ಮುಗಿದರೆ ತೆಂಗಿನಕಾಯಿ, ಬೆಲ್ಲ, ಲಗೂನಿನ ಮೀನು.

ಕಡಲು ತೆರೆದ ಕೂಡಲೇ ಓಡಂಗಳು ಹೊರಡುತ್ತಿದ್ದವು. ತೆಂಗಿನ ನಾರಿನ ಹುರಿ, ಕಾಯಿ, ಬೆಲ್ಲ, ಒಣಮೀನು ಹೊತ್ತು ಹೋಗುವುದು, ಅಕ್ಕಿ ತುಂಬಿ ಮರಳುವುದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಉತ್ತರದ ಐದು ದ್ವೀಪಗಳ ಓಡಂಗಳು ಸೇರುತ್ತಿದ್ದುದು ಮಂಗಳೂರಿನ ಹಳೇ ಬಂದರನ್ನು. ನೇರ ಅಳೆದರೆ ಅಮಿನಿಯಿಂದ ಮಂಗಳೂರಿಗೆ ಸುಮಾರು 300 ಕಿಲೋಮೀಟರ್.

ಈ ನಂಟಿಗೆ ಆಡಳಿತದ ಚರಿತ್ರೆಯೂ ಇದೆ. ಲಕ್ಷದ್ವೀಪವು ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿತ್ತು. ಅವರ ಅಧಿಕಾರಿಗಳ ಕಾಟ ತಾಳಲಾರದೆ 1780ರ ದಶಕದಲ್ಲಿ ಅಮಿನಿಯ ಜನ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನರ ಆಶ್ರಯ ಕೇಳಿದರು. ಮಾತುಕತೆ ನಡೆದು ಆ ಐದು ದ್ವೀಪಗಳು ಮೈಸೂರಿನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ, ಮಂಗಳೂರಿನ ಕಲೆಕ್ಟರರ ಕೈಕೆಳಗೆ ಸೇರಿದವು. ಕಂಪನಿ ನಾರಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯವಾಗಿ ಇಟ್ಟುಕೊಂಡು, ತಾನೇ ಗೊತ್ತುಮಾಡಿದ ದರದಲ್ಲಿ ಹುರಿ ಪಡೆದು ಅಕ್ಕಿ ಕೊಡುತ್ತಿತ್ತು. ಹೀಗೆ ಸುಮಾರು ಒಂದೂವರೆ ಶತಮಾನ ಅಮಿನಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯವನ್ನು ಸೇರಿತು. ಅದೇ ದಿನ ಅಮಿನಿ ದ್ವೀಪಗಳು ನಮ್ಮ ಜಿಲ್ಲೆಯಿಂದ ಬಿಡುಗಡೆಯಾಗಿ ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. 1973ರಲ್ಲಿ ಆ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂತು. ನಕಾಶೆಯಲ್ಲಿ ಗೆರೆ ಬದಲಾದರೂ ಹಳೇ ಬಂದರಿನಿಂದ ದ್ವೀಪಗಳಿಗೆ ಸಾಮಾನು ಹೋಗುವುದು ನಿಲ್ಲಲಿಲ್ಲ.

ನಕ್ಷತ್ರದ ಲೆಕ್ಕ

ಕಡಲು ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂದು ಅವರು ಹೇಗೆ ಎಣಿಸುತ್ತಿದ್ದರು? ಹಿಜರಿ ತಿಂಗಳುಗಳಿಂದ ಇದು ಸಾಧ್ಯವಿಲ್ಲ. ಹಿಜರಿ ವರ್ಷ ಚಂದ್ರನ ಲೆಕ್ಕದ್ದು. ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆದ್ದರಿಂದಲೇ ರಮಝಾನ್ ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ ಬರುತ್ತದೆ. ಗಾಳಿಯಾದರೋ ಸೂರ್ಯನನ್ನು ಅನುಸರಿಸುತ್ತದೆ. ಇಬಾದತ್ತಿಗೆ ಚಂದ್ರನ ಲೆಕ್ಕ ಇಟ್ಟುಕೊಂಡ ಅರಬಿ ನಾವಿಕರು ಪ್ರಯಾಣಕ್ಕೆ ಪಾರಸಿಯವರ ನವ್ರೋಜ್‌ನಿಂದ ದಿನಗಳನ್ನು ಎಣಿಸುತ್ತಿದ್ದರು. ನವ್ರೋಜ್‌ನ ಇಷ್ಟನೇ ದಿನ ಇಂಥ ಬಂದರಿನಿಂದ ಹೊರಡಬೇಕು ಎಂದು ಅವರ ಗ್ರಂಥಗಳು ಹೇಳುತ್ತವೆ.

ಇನ್ನೂ ಸ್ವಾರಸ್ಯದ ಸಂಗತಿ ಲಕ್ಷದ್ವೀಪದ ದಕ್ಷಿಣದ ನೆರೆಯಾದ ಮಾಲ್ದೀವ್ಸ್‌ನಲ್ಲಿದೆ. ಮಿನಿಕಾಯ್ ಜನರ ಭಾಷೆಯೂ ಮಾಲ್ದೀವ್ಸ್‌ನ ಭಾಷೆಯೂ ಒಂದೇ ಬಳ್ಳಿಯವು. ಮಾಲ್ದೀವ್ಸ್ 1153ರಲ್ಲಿ ಇಸ್ಲಾಮನ್ನು ಸ್ವೀಕರಿಸಿತು. ಆದರೆ ಹವೆಯ ಲೆಕ್ಕಕ್ಕೆ ಅಲ್ಲಿಯ ಮೀನುಗಾರರು ಹಳೆಯ ನಕ್ಷತ್ರ ಪಂಚಾಂಗವನ್ನು ಉಳಿಸಿಕೊಂಡರು. ವರ್ಷವನ್ನು 27 'ನಕಾಯ್'ಗಳಾಗಿ ಹಂಚುತ್ತಾರೆ. ಒಂದೊಂದೂ 13 ಅಥವಾ 14 ದಿನ. ಅವುಗಳಲ್ಲಿ 18 ನೈರುತ್ಯ ಗಾಳಿಗೆ, 9 ಈಶಾನ್ಯ ಗಾಳಿಗೆ. ಹೆಸರುಗಳನ್ನು ಕೇಳಿ: ಅಸ್ಸಿದ, ಬುರುನು, ಕೆತಿ, ರೋನು, ಮಿಯಹೆಲಿ, ಅದ. ನಮ್ಮ ರೈತರಿಗೆ ಇವು ಹೊಸತಲ್ಲ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ! ಮೇ ಕೊನೆಗೆ ನಮ್ಮಲ್ಲಿ ರೋಹಿಣಿ ಮಳೆ ಎಂದು ಹದ ನೋಡುವ ಹೊತ್ತಿಗೆ ಅಲ್ಲಿ ರೋನು ಎಂದು ದೋಣಿ ಕಟ್ಟುತ್ತಾರೆ. ನಾಲ್ಕೈದು ದಿನಗಳ ಅಂತರ ಅಷ್ಟೇ. ಬಯಲುಸೀಮೆಯ ಹೊಲಕ್ಕೂ ಹವಳದ ದ್ವೀಪಕ್ಕೂ ಒಂದೇ ಪಂಚಾಂಗ ಉಪಯೋಗಕ್ಕೆ ಬಂದಿರುವುದನ್ನು ನೋಡಿ. ಪ್ರಯೋಜನದ ಅರಿವನ್ನು ಯಾರಿಂದ ಬಂತೆಂದು ಕೇಳದೆ ಜನ ಕಾಪಾಡಿಕೊಂಡರು.

ಮುಅಲ್ಲಿಮ್ ಎಂದರೆ ಯಾರು?

ಕಾಲ ತಿಳಿದರಷ್ಟೇ ಸಾಲದು, ದಾರಿಯೂ ತಿಳಿಯಬೇಕು. ಲಕ್ಷದ್ವೀಪದಲ್ಲಿ ಹಡಗು ನಡೆಸುವ ಸಮುದಾಯಕ್ಕೆ 'ಮಾಲ್ಮಿ' ಎಂದು ಹೆಸರು. ಇದು ಅರಬಿಯ 'ಮುಅಲ್ಲಿಮ್' ಎಂಬ ಪದದ ದ್ವೀಪದ ರೂಪ. ಮುಅಲ್ಲಿಮ್ ಎಂದರೆ ಕಲಿಸುವವನು, ಶಿಕ್ಷಕ. ಹಿಂದೂ ಮಹಾಸಾಗರದ ಹಡಗುಗಳಲ್ಲಿ ದಾರಿ ತೋರಿಸುವವನನ್ನು ಎಲ್ಲರೂ ಇದೇ ಹೆಸರಿನಿಂದ ಕರೆಯುತ್ತಿದ್ದರು. ಅಬುಲ್ ಫಝಲ್ 'ಆಯಿನ್-ಇ-ಅಕ್ಬರಿ'ಯಲ್ಲಿ ಹಡಗಿನ ಸಿಬ್ಬಂದಿಯನ್ನು ಪಟ್ಟಿ ಮಾಡುವಾಗ, ಮುಅಲ್ಲಿಮನಿಗೆ ಕಡಲಿನ ಆಳವೂ ಆಕಾಶದ ಶಾಸ್ತ್ರವೂ ತಿಳಿದಿರಬೇಕು ಎನ್ನುತ್ತಾರೆ. ಶಿಕ್ಷಕನಿಗೂ ಹಡಗಿನ ದಾರಿಗಾರನಿಗೂ ಒಂದೇ ಹೆಸರಿಟ್ಟ ಜನ ವಿದ್ಯೆಗೆ ಎಂಥ ಬೆಲೆ ಕೊಟ್ಟಿರಬೇಕು!

ಮಾಲ್ಮಿಯ ಕೆಲಸ ಎಷ್ಟು ಕಷ್ಟದ್ದೆಂದು ಲೆಕ್ಕ ಹಾಕಿ ನೋಡಬಹುದು. ಘಟ್ಟವಿರುವ ನಮ್ಮ ತೀರ ಕಡಲಿನಲ್ಲಿ ಬಹುದೂರದಿಂದ ಕಾಣುತ್ತದೆ. ದ್ವೀಪದಲ್ಲಿ ಕಾಣಬೇಕಾದದ್ದು ತೆಂಗಿನ ತಲೆಗಳು ಮಾತ್ರ. ಅವೂ ಹದಿನೈದು ಇಪ್ಪತ್ತು ಕಿಲೋಮೀಟರ್ ಹತ್ತಿರಕ್ಕೆ ಬಂದ ಮೇಲೆ. ಅಷ್ಟರೊಳಗೆ ದಾರಿ ತಪ್ಪಿ ಪಕ್ಕದಲ್ಲಿ ಹಾದುಹೋದರೆ ಮುಂದೆ ಆಫ್ರಿಕಾದವರೆಗೆ ಬರೀ ನೀರು.

ಅದಕ್ಕಾಗಿ ಅವರ ಬಳಿ 'ಕಮಾಲ್' ಎಂಬ ಸರಳ ಸಾಧನವಿತ್ತು. ಒಂದು ಚಿಕ್ಕ ಮರದ ಹಲಗೆ, ಅದರ ನಡುವಿನಿಂದ ಗಂಟು ಹಾಕಿದ ಒಂದು ದಾರ. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯನ್ನು ಮುಂದಕ್ಕೆ ಚಾಚಿ, ಅದರ ಕೆಳಗಿನ ಅಂಚು ದಿಗಂತವನ್ನೂ ಮೇಲಿನ ಅಂಚು ಧ್ರುವ ನಕ್ಷತ್ರವನ್ನೂ ಮುಟ್ಟುವಂತೆ ಹಿಡಿಯಬೇಕು. ಎಷ್ಟನೇ ಗಂಟಿಗೆ ಸರಿಹೊಂದಿತು ಎಂಬುದರಿಂದ ನಕ್ಷತ್ರದ ಎತ್ತರ, ಅದರಿಂದ ಅಕ್ಷಾಂಶ ತಿಳಿಯುತ್ತಿತ್ತು. ಅಳತೆಯ ಘಟಕ 'ಇಸ್ಬಾ', ಅಂದರೆ ಬೆರಳು. ಸುಮಾರು ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚು. ಮಂಗಳೂರು ಇರುವುದು ಉತ್ತರ ಅಕ್ಷಾಂಶ 12.9 ಡಿಗ್ರಿಯ ಸಮೀಪ, ಅಮಿನಿ 11.1ರ ಸಮೀಪ. ಹಾಗಾದರೆ ಮಂಗಳೂರಿನಿಂದ ಹೊರಟವನ ಕಣ್ಣಿಗೆ ಧ್ರುವ ನಕ್ಷತ್ರ ಹೆಚ್ಚುಕಡಿಮೆ ಒಂದು ಬೆರಳು ಕೆಳಗಿಳಿದರೆ ಅವನು ಅಮಿನಿಯ ಸಾಲಿಗೆ ಬಂದನೆಂದು ಅರ್ಥ. ಗಣಿತದ ವಿದ್ಯಾರ್ಥಿಗಳು ಒಂದು ರಟ್ಟು, ಒಂದು ದಾರದಿಂದ ಇದನ್ನು ಮಾಡಿ ನೋಡಬಹುದು. ಕೋನದ ಪಾಠ ಆಮೇಲೆ ಮರೆಯುವುದಿಲ್ಲ.

ನಕ್ಷತ್ರ ಮರೆಯಾದಾಗ ಬೇರೆ ಗುರುತುಗಳಿದ್ದವು. ಸಂಜೆ ಹಕ್ಕಿಗಳು ಹಾರುವ ದಿಕ್ಕು, ನೀರಿನ ಬಣ್ಣ, ಅಲೆ ಬರುವ ರೀತಿ. ಕಡಲ ಹಾವುಗಳು ಕಂಡರೆ ಭಾರತದ ದಂಡೆ ಹತ್ತಿರವಾಯಿತೆಂದು ಎರಡು ಸಾವಿರ ವರ್ಷಗಳ ಹಿಂದಿನ ನಾವಿಕರಿಗೂ ಗೊತ್ತಿತ್ತು. ಇಂಥ ಅನುಭವವನ್ನೆಲ್ಲ ಶಾಸ್ತ್ರವಾಗಿ ಬರೆದಿಟ್ಟವರಲ್ಲಿ ಹಿರಿಯರು ಅಹ್ಮದ್ ಇಬ್ನ್ ಮಾಜಿದ್. ಈಗಿನ ರಾಸ್ ಅಲ್ ಖೈಮಾ ಕಡೆಯ ಜುಲ್ಫಾರಿನವರಾದ ಅವರು 1490ರ ಸುಮಾರಿಗೆ ಬರೆದ 'ಕಿತಾಬುಲ್ ಫವಾಯಿದ್' ಗಾಳಿ, ನಕ್ಷತ್ರ, ಬಂದರು, ಪ್ರಯಾಣದ ಕಾಲ ಎಲ್ಲವನ್ನೂ ವಿವರಿಸುತ್ತದೆ. ಅವರೇ ವಾಸ್ಕೋ ಡ ಗಾಮನಿಗೆ ಭಾರತದ ದಾರಿ ತೋರಿಸಿದರೆಂದು ಬಹಳ ಪುಸ್ತಕಗಳಲ್ಲಿ ಓದಿರುತ್ತೀರಿ. ಇದನ್ನು ಈಗ ಇತಿಹಾಸಕಾರರು ಒಪ್ಪುವುದಿಲ್ಲ. ಗಾಮನಿಗೆ ಮಲಿಂದಿಯಲ್ಲಿ ಸಿಕ್ಕವನು ಈ ಕಡಲನ್ನು ಬಲ್ಲ ಬೇರೊಬ್ಬ ದಾರಿಗಾರ.

ತಿಳಿಯದವರು ತೆತ್ತ ಬೆಲೆ

ಆ ಗಾಮನ ಪ್ರಯಾಣವೇ ನಮಗೆ ಒಳ್ಳೆಯ ಪಾಠ. 1498ರ ಏಪ್ರಿಲ್ 24ರಂದು ಆಫ್ರಿಕಾದ ಮಲಿಂದಿಯಿಂದ ಹೊರಟ ಅವನು ಮೇ 20ರ ಹೊತ್ತಿಗೆ ಕೋಝಿಕ್ಕೋಡಿನ ಬಳಿ ಲಂಗರು ಹಾಕಿದ. ಒಂದು ತಿಂಗಳೂ ಹಿಡಿಯಲಿಲ್ಲ. ಬಲ್ಲವನು ಜೊತೆಗಿದ್ದ, ಮುಂಗಾರಿನ ಮೊದಲ ಗಾಳಿ ಬೆನ್ನಿಗಿತ್ತು. ಮರಳುವಾಗ ಅವನು ಗಾಳಿ ತಿರುಗುವವರೆಗೆ ಕಾಯಲಿಲ್ಲ. ಆಗಸ್ಟ್ ಕೊನೆಯಲ್ಲೇ ಕೋಝಿಕ್ಕೋಡು ಬಿಟ್ಟು, ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ತಂಗಿ, ಅಕ್ಟೋಬರ್ 5ರಂದು ಅಲ್ಲಿಂದ ಹೊರಟ. ಆಫ್ರಿಕಾದ ದಡ ಕಾಣುವಾಗ 1499ರ ಜನವರಿ ಬಂದಿತ್ತು. ಮೂರು ತಿಂಗಳು ಗಾಳಿಯಿಲ್ಲದೆ, ಎದುರು ಗಾಳಿಗೆ ಸಿಕ್ಕಿ ಕಡಲಲ್ಲೇ ಕಳೆದರು. ಒಸಡು ಬಾತು ಜನ ಸತ್ತರು. ಮೂರು ಹಡಗು ನಡೆಸಲು ಆಳು ಸಾಲದೆ ಒಂದನ್ನು ಸುಟ್ಟುಹಾಕಬೇಕಾಯಿತು. ನವೆಂಬರ್, ಡಿಸೆಂಬರ್‌ವರೆಗೆ ಕಾಯಬೇಕೆಂಬುದು ನಮ್ಮ ತೀರದ ಖಲಾಸಿಗೂ ಗೊತ್ತಿದ್ದ ವಿಷಯ.

ಇದು ಪರದೇಶಿಗಳಿಗೆ ಮಾತ್ರ ಆದದ್ದಲ್ಲ. ಇಬ್ನ್ ಬತೂತ 1340ರ ದಶಕದಲ್ಲಿ ನಮ್ಮ ಕರಾವಳಿಯನ್ನು ಹಾದು ಮಾಲ್ದೀವ್ಸ್‌ಗೆ ಹೋದರು, ಅಲ್ಲಿ ಕಾಝಿಯಾದರು. ಅಲ್ಲಿನ ದ್ವೀಪಗಳು ಬಳೆಯ ಆಕಾರದಲ್ಲಿ ಕೂಡಿಕೊಂಡಿವೆ, ಒಳಹೋಗಲು ಬಾಗಿಲಿನಂಥ ಒಂದು ದಾರಿ ಮಾತ್ರ ಇದೆ, ಸ್ಥಳೀಯನೊಬ್ಬ ದಾರಿ ತೋರದೆ ಹಡಗು ಒಳಬರಲಾಗದು ಎಂದು ಅವರು ಬರೆದಿದ್ದಾರೆ. ಹಡಗಿನ ಹಲಗೆಗಳನ್ನು ಕಬ್ಬಿಣದ ಮೊಳೆಯಿಂದ ಬಡಿಯದೆ ತೆಂಗಿನ ನಾರಿನಿಂದ ಹೊಲಿಯುವುದೇಕೆ ಎಂಬುದನ್ನೂ ವಿವರಿಸುತ್ತಾರೆ: ಮೊಳೆಯ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಬಾಗಿ ಉಳಿಯುತ್ತದೆ. ಇಷ್ಟೆಲ್ಲ ಕಂಡವರೇ 1344ರಲ್ಲಿ ಅಲ್ಲಿಂದ ಹೊರಡುವಾಗ ಅನುಭವಿ ನಾವಿಕನಿಲ್ಲದ ಹಡಗನ್ನು ಹತ್ತಿದರು. ಮೂರು ದಿನದ ದಾರಿ ಒಂಬತ್ತು ದಿನ ಹಿಡಿಯಿತು. ತಮಿಳು ತೀರಕ್ಕೆ ಹೊರಟವರು ಸಿಂಹಳಕ್ಕೆ ಹೋಗಿ ಬಿದ್ದರು.

ಇದೇ ಇಬ್ನ್ ಬತೂತ ಹೊನ್ನಾವರದ ಬಗ್ಗೆ ಬರೆದ ಮಾತನ್ನು ನಮ್ಮ ಸಂಸ್ಥೆಯ ಓದುಗರು ನೆನಪಿಡಬೇಕು. ಅಲ್ಲಿಯವರಿಗೆ ಹೊಲಗದ್ದೆಯಿಲ್ಲ, ಕಡಲಿನ ವ್ಯಾಪಾರವೇ ಜೀವನ; ಆ ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಮದರಸಗಳನ್ನು ಕಂಡೆ, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎಂಬುದು ಅವರ ಮಾತಿನ ಸಾರಾಂಶ. ಕಡಲನ್ನು ನಂಬಿ ಬದುಕಿದ ಊರು ಮಕ್ಕಳ ಓದನ್ನು ಕಡೆಗಣಿಸಿರಲಿಲ್ಲ.

1847ರ ತೂಫಾನು

ಎಷ್ಟು ಬಲ್ಲವರಾದರೂ ಕೆಲವೊಮ್ಮೆ ಕಡಲು ಕೈಮೀರುತ್ತದೆ. ಮುಂಗಾರಿನ ನಡುವೆ ಚಂಡಮಾರುತ ಅಪರೂಪ; ಆಗ ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ವಿರುದ್ಧ ದಿಕ್ಕಿನಲ್ಲಿ ಬೀಸುವುದರಿಂದ ಸುಳಿ ಕಟ್ಟಲು ಬಿಡುವುದಿಲ್ಲ. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ಮತ್ತು ಆಮೇಲಿನ ಅಕ್ಟೋಬರ್‌ನಿಂದ ಡಿಸೆಂಬರ್, ಇವು ಅಪಾಯದ ತಿಂಗಳುಗಳು.

1847ರ ಏಪ್ರಿಲ್‌ನಲ್ಲಿ ಅಂಥದೊಂದು ತೂಫಾನು ಕಲ್ಪೇನಿ, ಆಂಡ್ರೋತ್ ದ್ವೀಪಗಳನ್ನು ಅಪ್ಪಳಿಸಿತು. ಜನ ಸತ್ತರು, ತೆಂಗು ನೆಲಕ್ಕೊರಗಿತು. ಒಂದು ತೆಂಗಿನ ಗಿಡ ಫಲ ಕೊಡಲು ಆರೇಳು ವರ್ಷ ಬೇಕು. ಬಾವಿಗೆ ಉಪ್ಪುನೀರು ಹೊಕ್ಕರೆ ಕುಡಿಯುವುದೇನನ್ನು? ಕಲ್ಪೇನಿಯ ಪೂರ್ವ, ಆಗ್ನೇಯ ದಡದಲ್ಲಿ ಕಡಲು ಎತ್ತಿ ಎಸೆದ ಹವಳದ ಬಂಡೆಗಳ ದಿಬ್ಬ ಇಂದಿಗೂ ಇದೆ. ಅದು ಆ ತೂಫಾನಿನ ಗುರುತೆಂದು ದ್ವೀಪದವರು ತೋರಿಸುತ್ತಾರೆ.

ಆ ತೂಫಾನು ಮರಗಳ ಜೊತೆಗೆ ಒಂದು ಆಳ್ವಿಕೆಯನ್ನೂ ಬೀಳಿಸಿತು. ಅರಕ್ಕಲ್ ಮನೆತನಕ್ಕೆ ಪರಿಹಾರ ಕೊಡುವಷ್ಟು ಹಣವಿರಲಿಲ್ಲ. ಜೊತೆಗೆ ಹೋದ ಕಂಪನಿಯ ಅಧಿಕಾರಿ ವಿಲಿಯಂ ರಾಬಿನ್ಸನ್ ಸಾಲದ ನೆರವು ಮುಂದಿಟ್ಟ. ಬಡ್ಡಿ ಬೆಳೆಯಿತು, ತೀರಿಸಲಾಗಲಿಲ್ಲ. 1854ರಲ್ಲಿ ಉಳಿದ ದ್ವೀಪಗಳ ಆಡಳಿತವನ್ನು ಕಂಪನಿ ವಹಿಸಿಕೊಂಡಿತು. 1908ರಲ್ಲಿ ಹಕ್ಕು ಪೂರ್ತಿಯಾಗಿ ಬ್ರಿಟಿಷರ ಪಾಲಾಯಿತು. ಯುದ್ಧವಿಲ್ಲದೆ, ಒಂದು ತೂಫಾನು ಮತ್ತು ಒಂದು ಸಾಲಪತ್ರದಿಂದ ರಾಜ್ಯ ಕೈಬದಲಾದ ಉದಾಹರಣೆ ಇದು. ಚರಿತ್ರೆಯ ಪುಸ್ತಕಗಳಲ್ಲಿ ರಾಜರ ಹೆಸರು ಹುಡುಕುವ ನಾವು ಗಾಳಿಯ ಪಾತ್ರವನ್ನೂ ಹುಡುಕಬೇಕು.

ಅಲ್-ಬಿರೂನಿ ಬರೆದದ್ದು, ನಾವು ಕಾಣುತ್ತಿರುವುದು

1030ರ ಸುಮಾರಿಗೆ ಅಲ್-ಬಿರೂನಿ 'ಕಿತಾಬುಲ್ ಹಿಂದ್' ಗ್ರಂಥದಲ್ಲಿ ಈ ಕಡಲಿನ 'ದೀವ' ದ್ವೀಪಗಳ ವಿಚಾರ ಬರೆದಿದ್ದಾರೆ. ಕವಡೆಯ ದ್ವೀಪಗಳು, ನಾರಿನ ದ್ವೀಪಗಳು ಎಂದು ಅವುಗಳನ್ನು ಎರಡಾಗಿ ವಿಂಗಡಿಸುತ್ತಾರೆ. ಮರಳಿನಿಂದ ಒಂದು ದ್ವೀಪ ಮೇಲೆದ್ದು ಗಟ್ಟಿಯಾಗುತ್ತದೆ, ಇನ್ನೊಂದು ಸವೆದು ಕರಗಿ ಮುಳುಗುತ್ತದೆ. ಅದನ್ನು ಅರಿತ ಜನ ತೆಂಗಿನ ಸಸಿ, ಧಾನ್ಯ, ಮನೆಸಾಮಾನು ಹೊತ್ತು ಹೊಸ ದ್ವೀಪಕ್ಕೆ ಹೋಗುತ್ತಾರೆ ಎಂಬುದು ಅವರ ವಿವರಣೆ. ಹವಳದ ದ್ವೀಪದ ಸ್ವಭಾವವನ್ನು ಸಾವಿರ ವರ್ಷದ ಹಿಂದೆಯೇ ಅವರು ಸರಿಯಾಗಿ ಹಿಡಿದಿದ್ದರು.

ಲಕ್ಷದ್ವೀಪದ ಬಂಗಾರಂ ಬಳಿ ಪರಳಿ-1 ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪವಿತ್ತು. ಕೊರೆತದಿಂದ ಅದು ಪೂರ್ತಿ ಮುಳುಗಿಹೋಗಿದೆ ಎಂದು 2017ರಲ್ಲಿ ವರದಿಯಾಯಿತು. ಅಲ್-ಬಿರೂನಿಯವರ ಕಾಲದಲ್ಲಿ ಒಂದು ಕರಗಿದರೆ ಒಂದು ಹುಟ್ಟುತ್ತಿತ್ತು. ಈಗ ಹುಟ್ಟಿಸುವ ಹವಳವೇ ಸೊರಗುತ್ತಿದೆ. ನೀರು ಅತಿಯಾಗಿ ಕಾದಾಗ ಹವಳ ತನ್ನೊಳಗಿನ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಬಿಸಿ ಮುಂದುವರಿದರೆ ಸಾಯುತ್ತದೆ. 1998, 2010, 2016 ಮತ್ತು 2024ರಲ್ಲಿ ಲಕ್ಷದ್ವೀಪದ ಹವಳ ಹೀಗೆ ಬಿಳಿಚಿತು. ಹವಳದ ಒಡ್ಡು ಸವೆದರೆ ತೆರೆಯನ್ನು ತಡೆಯುವುದು ಯಾವುದು? ಸಮುದ್ರದ ಮಟ್ಟವೂ ಏರುತ್ತಿರುವಾಗ ಈ ಪ್ರಶ್ನೆ ಇನ್ನೂ ಗಂಭೀರವಾಗುತ್ತದೆ.

ಚಂಡಮಾರುತಗಳ ಲೆಕ್ಕವೂ ಬದಲಾಗುತ್ತಿದೆ. ಅರಬ್ಬೀ ಸಮುದ್ರ ಬಂಗಾಳ ಕೊಲ್ಲಿಗಿಂತ ಶಾಂತವೆಂಬ ಮಾತಿತ್ತು. 2019ರ ಒಂದೇ ವರ್ಷ ಇಲ್ಲಿ ಐದು ಚಂಡಮಾರುತಗಳೆದ್ದವು. 2021ರ ಮೇ ತಿಂಗಳಲ್ಲಿ ತೌಕ್ತೆ ಲಕ್ಷದ್ವೀಪದ ಬಳಿ ಹುಟ್ಟಿ ನಮ್ಮ ಕರಾವಳಿಯನ್ನೂ ಕಾಡಿ ಗುಜರಾತಿಗೆ ಹೋಯಿತು. 2017ರ ನವೆಂಬರ್ ಕೊನೆಯ ಓಖಿ ಬಹಳ ಬೇಗ ಬಲಗೊಂಡಿತು. ಎಚ್ಚರಿಕೆ ತಲುಪುವ ಮೊದಲೇ ಕಡಲಿಗಿಳಿದಿದ್ದ ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಸತ್ತರು ಅಥವಾ ಕಾಣೆಯಾದರು. ಅದು ಮಿನಿಕಾಯ್, ಕಲ್ಪೇನಿಗಳಲ್ಲೂ ಹಾನಿ ಮಾಡಿತು. ತಿಳಿದ ವಿಷಯ ತಿಳಿಯಬೇಕಾದವನಿಗೆ ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷಿ ಬೇಡ.

ಇನ್ನೊಂದು ಅಪಾಯಕ್ಕೆ ಮಲಯಾಳಂನಲ್ಲಿ 'ಕಳ್ಳಕ್ಕಡಲ್' ಎಂದು ಹೆಸರು. ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿಯಿಲ್ಲ, ಮಳೆಯಿಲ್ಲ, ಇದ್ದಕ್ಕಿದ್ದಂತೆ ಕಡಲು ದಡವೇರಿ ಬರುತ್ತದೆ. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಹಲವು ದಿನ ಪ್ರಯಾಣ ಮಾಡಿ ಇಲ್ಲಿಗೆ ಮುಟ್ಟುವುದೇ ಇದಕ್ಕೆ ಕಾರಣ. 2007ರ ಮೇ ತಿಂಗಳಲ್ಲಿ ಮಾಲ್ದೀವ್ಸ್‌ನ ಹಲವು ದ್ವೀಪಗಳಿಗೆ ಹೀಗೆಯೇ ನೀರು ನುಗ್ಗಿತು. ಹಿಂದೆ ಇದನ್ನು ಮೊದಲೇ ಹೇಳುವವರಿರಲಿಲ್ಲ. ಈಗ ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ವಿದ್ಯೆಯಿಂದ ಆದ ಇನ್ನೊಂದು ಉಪಕಾರವನ್ನೂ ಹೇಳಬೇಕು. 2005ರಲ್ಲಿ ಕವರತ್ತಿಯಲ್ಲಿ ನಮ್ಮ ವಿಜ್ಞಾನಿಗಳು ಆಳ ಸಮುದ್ರದ ತಣ್ಣೀರನ್ನು ಮೇಲಕ್ಕೆ ತಂದು, ಅದರ ತಂಪಿನಿಂದ ಮೇಲ್ನೀರಿನ ಆವಿಯನ್ನು ತಣಿಸಿ, ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ತೆಗೆಯುವ ಘಟಕ ಸ್ಥಾಪಿಸಿದರು. ಆಮೇಲೆ ಮಿನಿಕಾಯ್, ಅಗತ್ತಿಗಳಲ್ಲೂ ಅಂಥ ಘಟಕಗಳಾದವು.

ವಿದ್ಯಾರ್ಥಿಗಳಿಗೆ ಎರಡು ಮಾತು

ಪ್ರಿಯ ವಿದ್ಯಾರ್ಥಿಗಳೇ, ಪೂರ್ವಜರು ದೊಡ್ಡ ನಾವಿಕರಾಗಿದ್ದರು ಎಂದು ಹೆಮ್ಮೆ ಪಡುವುದು ಸುಲಭ. ಆ ಹೆಮ್ಮೆಯಿಂದ ಒಂದು ದೋಣಿಯೂ ದಡ ಸೇರುವುದಿಲ್ಲ. ಅವರು ತಮ್ಮ ಕಾಲದ ಗಣಿತವನ್ನು, ತಮ್ಮ ಕಾಲದ ಖಗೋಳವನ್ನು ಶ್ರದ್ಧೆಯಿಂದ ಕಲಿತಿದ್ದರು. ನಾವು ನಮ್ಮ ಕಾಲದ್ದನ್ನು ಕಲಿಯಬೇಕು. ವೈದ್ಯ, ಇಂಜಿನಿಯರ್ ಎಂಬ ಎರಡೇ ಬಾಗಿಲುಗಳ ಮುಂದೆ ಸಾಲು ನಿಂತಿರುವ ನಮ್ಮ ಮಕ್ಕಳಿಗೆ ಹವಾಮಾನ ಶಾಸ್ತ್ರ, ಸಾಗರ ವಿಜ್ಞಾನ ಎಂಬ ಬಾಗಿಲುಗಳೂ ಇವೆಯೆಂದು ತಿಳಿಯಬೇಕು. ಗೋವಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ, ಮಂಗಳೂರಿನಲ್ಲಿಯೇ ಮೀನುಗಾರಿಕಾ ಕಾಲೇಜು ಇದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದುವವರು ಈ ದಾರಿಗಳ ಬಗ್ಗೆ ಉಪನ್ಯಾಸಕರಲ್ಲಿ ವಿಚಾರಿಸಿ. ಹೊನ್ನಾವರದ ಆ 13 ಮದರಸಗಳನ್ನು ನೆನೆದು, ಹೆಣ್ಣುಮಕ್ಕಳನ್ನು ಈ ಮಾತಿನಿಂದ ಹೊರಗಿಡದಿರೋಣ.

ಎರಡನೆಯ ಮಾತು ಕರಾವಳಿಯ ಮಕ್ಕಳಿಗೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಮಂಜಿಯಲ್ಲಿ ದುಡಿದ ಅಜ್ಜಂದಿರು ಇದ್ದಾರೆಯೇ? ಯಾವ ಗಾಳಿಗೆ ಏನು ಹೆಸರು, ಯಾವ ಮೋಡ ಕಂಡರೆ ದೋಣಿ ಬಿಡಬಾರದು, ಅಮಿನಿಗೆ ಹೋಗುವಾಗ ಯಾವ ನಕ್ಷತ್ರ ಹಿಡಿಯುತ್ತಿದ್ದರು ಎಂದು ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಾರೀಖು ಹಾಕಿ, ಅವರ ಮಾತಿನಲ್ಲೇ ಬರೆಯಿರಿ, ಬ್ಯಾರಿಯಾಗಲಿ, ನವಾಯತಿಯಾಗಲಿ, ತುಳುವಾಗಲಿ. ಇಬ್ನ್ ಮಾಜಿದ್ ಬರೆದಿಟ್ಟದ್ದರಿಂದ ಅವರ ಅರಿವು ಐನೂರು ವರ್ಷ ಬಾಳಿತು. ಬರೆಯದ ಎಷ್ಟೋ ಮಾಲ್ಮಿಗಳ ಅರಿವು ಅವರ ಜೊತೆಯಲ್ಲೇ ಮಣ್ಣಾಯಿತು. ಈ ಮಳೆಗಾಲದ ರಜೆಯಲ್ಲಿ ಒಬ್ಬರನ್ನಾದರೂ ಕೇಳಿ, ಒಂದು ಪುಟವನ್ನಾದರೂ ಬರೆಯಿರಿ. ಮುಂದಿನ ಸಂಚಿಕೆಗೆ ಅದನ್ನೇ ಕಳುಹಿಸಿದರೆ ನಮ್ಮೆಲ್ಲರಿಗೂ ಓದಲು ಸಿಗುತ್ತದೆ.